ಮೊದಲು ಚುಚ್ಚುಮದ್ದು, ಆಮೇಲೆ ಚಾಕು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ. ‘ನಮ್ಮ ಮನೆಯವರಿಗೆ ತಲೆಯಲ್ಲಿ ಗಡ್ಡೆ ಇದೆ ಅನ್ನೋದೇ ಗೊತ್ತಿರಲಿಲ್ಲ. ರಾತ್ರಿ ಊಟ ಮಾಡಿ ಮಲಗಿದವರು ತಲೆ ಸಿಡಿಯುತ್ತೆ ಅಂತ ಎದ್ದು ಕೂತರು. ವಾಂತಿ ಆಯಿತು. ಬೆಳಿಗ್ಗೆ ನೋಡಿದರೆ ಒಂದು ಕಣ್ಣಿನ ರೆಪ್ಪೆ ಮೇಲೇಳುತ್ತಿಲ್ಲ. ಸ್ಕ್ಯಾನ್ ಮಾಡಿಸಿದ ಮೇಲೆ ಗಡ್ಡೆಯೊಳಗೆ ರಕ್ತಸ್ರಾವ ಆಗಿದೆ ಅಂದರು. ಹೀಗೂ ಆಗುತ್ತಾ?’ ಆಗುತ್ತದೆ. ನರಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಬದುಕು ಕಳೆದ ನನ್ನಂಥವರಿಗೆ ಇದು ಅಪರೂಪವಾದರೂ ಅಪರಿಚಿತವಲ್ಲ. ಇಂಥ ರೋಗಿಗಳಲ್ಲಿ ಬಹಳಷ್ಟು ಜನ ಸರಿಯಾದ ಆಸ್ಪತ್ರೆಗೆ ಬರುವ ಮೊದಲು ಮೈಗ್ರೇನ್ ಎಂದೋ, ಪಿತ್ತ ಎಂದೋ, ಕಣ್ಣಿನ ತೊಂದರೆ ಎಂದೋ ಒಂದೆರಡು ದಿನ ಕಳೆದುಕೊಂಡಿರುತ್ತಾರೆ. ಆ ದಿನಗಳು ಯಾಕೆ ಅಮೂಲ್ಯ ಎನ್ನುವುದನ್ನು ಹೇಳಬೇಕೆಂದೇ ಈ ವಾರ ಈ ವಿಷಯ ಎತ್ತಿಕೊಂಡಿದ್ದೇನೆ.

ತಲೆಯೊಳಗಿನ ಗಡ್ಡೆ ರಕ್ತಸ್ರಾವಕ್ಕೆ ಒಳಗಾಗುವುದು ಯಾಕೆ? ಗಡ್ಡೆ ಬೆಳೆಯಲು ರಕ್ತ ಬೇಕು. ಅದಕ್ಕಾಗಿ ಅದು ಹೊಸ ರಕ್ತನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ. ಅವಸರದಲ್ಲಿ ಹುಟ್ಟಿದ ಈ ನಾಳಗಳ ಗೋಡೆ ತೆಳು, ಜೋಡಣೆ ಸಡಿಲ. ಗಡ್ಡೆ ಇನ್ನೂ ದೊಡ್ಡದಾದಾಗ ಪೂರೈಕೆ ಸಾಲದೆ ನಡುಭಾಗ ಸಾಯತೊಡಗುತ್ತದೆ, ಸತ್ತ ಭಾಗದಲ್ಲಿ ನಾಳ ಒಡೆಯುತ್ತದೆ. ಎಲ್ಲ ಗಡ್ಡೆಗಳೂ ಹೀಗೆ ಒಡೆಯುವುದಿಲ್ಲ. ಮೆದುಳಿನಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಕ್ಯಾನ್ಸರಿಗೆ ಈ ಗುಣ ಹೆಚ್ಚು. ಬೇರೆ ಅಂಗದಿಂದ ಹರಡಿ ಬಂದವುಗಳಲ್ಲಿ ಚರ್ಮದ ಮೆಲನೋಮಾ, ಮೂತ್ರಪಿಂಡದ ಕ್ಯಾನ್ಸರ್, ಥೈರಾಯ್ಡ್ ಕ್ಯಾನ್ಸರ್ ರಕ್ತಸ್ರಾವಕ್ಕೆ ಹೆಸರಾದವು. ಶ್ವಾಸಕೋಶದ ಕ್ಯಾನ್ಸರ್ ಅಷ್ಟು ಸುಲಭಕ್ಕೆ ರಕ್ತ ಸುರಿಸದಿದ್ದರೂ ಮೆದುಳಿಗೆ ಹರಡುವವರ ಸಂಖ್ಯೆಯೇ ದೊಡ್ಡದಾದ್ದರಿಂದ ನಮಗೆ ಮತ್ತೆ ಮತ್ತೆ ಎದುರಾಗುತ್ತದೆ.

ಇನ್ನೊಂದನ್ನು ವಿಶೇಷವಾಗಿ ಹೇಳಬೇಕು. ಗರ್ಭಕೋಶದಲ್ಲಿ ಹುಟ್ಟುವ ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಇದೆ. ಹೆರಿಗೆಯ ನಂತರವೋ, ಗರ್ಭಪಾತದ ನಂತರವೋ, ದ್ರಾಕ್ಷಿ ಗೊಂಚಲಿನಂಥ ಮುತ್ತುಗರ್ಭದ ನಂತರವೋ ಕಾಣಿಸಿಕೊಳ್ಳುತ್ತದೆ. ಮೆದುಳಿಗೆ ಹರಡಿದರೆ ಅಲ್ಲಿ ರಕ್ತ ಸುರಿಸುತ್ತದೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳಿಗೆ ಕಾರಣ ತಿಳಿಯದ ಮೆದುಳಿನ ರಕ್ತಸ್ರಾವವಾದಾಗ ಗರ್ಭಧಾರಣೆಗೆ ಮಾಡುವ ಅದೇ ಹಾರ್ಮೋನ್ ಪರೀಕ್ಷೆಯನ್ನು ರಕ್ತದಲ್ಲಿ ಮಾಡಿಸಿದರೆ ಗುಟ್ಟು ಬಯಲಾಗುತ್ತದೆ. ಅಗ್ಗದ ಪರೀಕ್ಷೆ. ಹರಡಿದ ಮೇಲೂ ಔಷಧಿಗೆ ಬಗ್ಗುವ ಕೆಲವೇ ಕ್ಯಾನ್ಸರುಗಳಲ್ಲಿ ಇದೊಂದಾದ್ದರಿಂದ ಆ ಪರೀಕ್ಷೆ ಮರೆತರೆ ಒಂದು ಬದುಕನ್ನೇ ಮರೆತ ಹಾಗೆ ಎಂದು ನಾನು ಕಿರಿಯ ವೈದ್ಯರಿಗೆ ಹೇಳುತ್ತಲೇ ಇರುತ್ತೇನೆ.

ಮೆದುಳಿನ ಒಳಗೆ ಹೀಗೆ ರಕ್ತ ಹೆಪ್ಪುಗಟ್ಟಿ ಒತ್ತಡ ಏರಿದಾಗ ಬುರುಡೆಯ ಒಂದು ತುಂಡು ಮೂಳೆ ತೆಗೆದು, ಹೆಪ್ಪನ್ನು ಹೊರಹಾಕಿ, ಅದರ ಸುತ್ತಲಿನ ಗೋಡೆಯ ಚೂರನ್ನು ತಪಾಸಣೆಗೆ ಕಳಿಸುತ್ತೇವೆ. ರಕ್ತದ ಹಿಂದೆ ಅಡಗಿರುವ ಗಡ್ಡೆ ಎಷ್ಟೋ ಸಲ ಮೊದಲ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಅಧಿಕ ರಕ್ತದೊತ್ತಡವಿಲ್ಲದವರಿಗೆ, ವಿಚಿತ್ರ ಜಾಗದಲ್ಲಿ ರಕ್ತಸ್ರಾವವಾದರೆ, ರಕ್ತ ಕರಗಿದ ಮೇಲೆ ಕೆಲವು ವಾರ ಬಿಟ್ಟು ಎಂಆರ್‌ಐ ಮತ್ತೆ ಮಾಡಿಸಬೇಕು. ‘ಒಂದು ಸಲ ಮಾಡಿಸಿದ್ದೀವಲ್ಲ ಸಾರ್’ ಎಂದು ಮನೆಯವರು ಬೇಸರಪಟ್ಟುಕೊಳ್ಳುವುದು ಇದಕ್ಕೇ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೂ ಆ ಎರಡನೆಯ ಸ್ಕ್ಯಾನ್ ಬಿಡಬಾರದು.

ಆದರೆ ಪತ್ರ ಬರೆಯುವವರಲ್ಲಿ ಹೆಚ್ಚಿನವರ ಕಥೆ ಇದಲ್ಲ. ರೆಪ್ಪೆ ಜೋತುಬಿದ್ದು, ಕಣ್ಣು ಮಂಜಾಗಿ, ತಲೆ ಸಿಡಿಯುವ ಆ ಕಥೆ ಪಿಟ್ಯುಟರಿ ಗ್ರಂಥಿಯ ಗಡ್ಡೆಯದು. ಮೂಗಿನ ಹಿಂದೆ, ಮೆದುಳಿನ ಬುಡದಲ್ಲಿ, ಮೂಳೆಯ ಒಂದು ಪುಟ್ಟ ಗುಳಿಯಲ್ಲಿ ಕೂತಿರುವ ಕಡಲೆಕಾಳಿನಷ್ಟು ಗ್ರಂಥಿ ಅದು. ತೂಕ ಅರ್ಧ ಗ್ರಾಮಿನ ಆಸುಪಾಸು. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಎಲ್ಲವೂ ಅದರ ಅಪ್ಪಣೆಗೆ ಕಾಯುತ್ತವೆ. ಮಕ್ಕಳ ಎತ್ತರ, ತಾಯಿಯ ಹಾಲು, ಮೂತ್ರದ ಪ್ರಮಾಣ ಎಲ್ಲದರಲ್ಲೂ ಅದರ ಕೈವಾಡವಿದೆ. ಈ ಗ್ರಂಥಿಯಲ್ಲಿ ಗಡ್ಡೆ ಬೆಳೆಯುವುದು ನಾವು ಅಂದುಕೊಂಡಷ್ಟು ಅಪರೂಪವಲ್ಲ. ಬೇರೆ ಕಾರಣಕ್ಕೆ ತೀರಿಕೊಂಡವರ ಶವಪರೀಕ್ಷೆಯಲ್ಲಿ ನೂರಕ್ಕೆ ಹತ್ತು ಜನರಲ್ಲಾದರೂ ಸಣ್ಣ ಪಿಟ್ಯುಟರಿ ಗಡ್ಡೆ ಸಿಗುತ್ತದೆ. ಅವರಾರಿಗೂ ಬದುಕಿರುವಾಗ ಅದರಿಂದ ತೊಂದರೆಯಾಗಿರುವುದಿಲ್ಲ. ತೊಂದರೆ ಕೊಟ್ಟು ವೈದ್ಯರ ಗಮನಕ್ಕೆ ಬರುವುದು ಸರಿಸುಮಾರು ಸಾವಿರದಲ್ಲೊಬ್ಬರಿಗೆ. ಬಹುಪಾಲು ಕ್ಯಾನ್ಸರ್ ಅಲ್ಲವೇ ಅಲ್ಲ. ‘ಬ್ರೈನ್ ಟ್ಯೂಮರ್’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕುಸಿದು ಕೂರುವ ಮನೆಯವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಹಾಗಾದರೆ ಸಾಧು ಗಡ್ಡೆ ಇದ್ದಕ್ಕಿದ್ದಂತೆ ಯಾಕೆ ಉಗ್ರರೂಪ ತಾಳುತ್ತದೆ? ಪಿಟ್ಯುಟರಿಯ ರಕ್ತಪೂರೈಕೆ ಸೂಕ್ಷ್ಮವಾದದ್ದು. ಮುಂಭಾಗಕ್ಕೆ ಬೇಕಾದ ರಕ್ತದ ಬಹುಪಾಲು ಮೇಲಿನ ಹೈಪೋಥಲಾಮಸ್‌ನಿಂದ ಸಣ್ಣ ನಾಳಗಳ ಜಾಲದ ಮೂಲಕ, ಕಡಿಮೆ ಒತ್ತಡದಲ್ಲಿ ಇಳಿದು ಬರುತ್ತದೆ. ಗಡ್ಡೆ ಬೆಳೆದು ಆ ನಾಳಗಳನ್ನೇ ಅಮುಕಿದರೆ ಒಳಭಾಗ ಉಸಿರುಗಟ್ಟುತ್ತದೆ, ಸತ್ತ ಜಾಗದಲ್ಲಿ ರಕ್ತ ಒಸರುತ್ತದೆ, ನಿಮಿಷಗಳಲ್ಲೋ ಗಂಟೆಗಳಲ್ಲೋ ಗಡ್ಡೆ ಊದಿಕೊಳ್ಳುತ್ತದೆ. ಇದಕ್ಕೆ ಪಿಟ್ಯುಟರಿ ಅಪೊಪ್ಲೆಕ್ಸಿ ಎನ್ನುತ್ತಾರೆ. ಹೃದಯದ ದೊಡ್ಡ ಆಪರೇಷನ್, ರಕ್ತ ತೆಳುಮಾಡುವ ಮಾತ್ರೆ, ವಿಪರೀತ ರಕ್ತದೊತ್ತಡ, ತಲೆಗೆ ಪೆಟ್ಟು, ಬಸಿರು, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಸುರಿಸುವ ಗಡ್ಡೆಗೆ ಕೊಡುವ ಮಾತ್ರೆ ಹೀಗೆ ಕೆಲವು ಪ್ರಚೋದಕಗಳಿವೆ. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿದಾಗ ಹೀಗಾದ ಪ್ರಕರಣಗಳು ನಮ್ಮ ದೇಶದಿಂದಲೂ ವರದಿಯಾಗಿವೆ. ಆದ್ದರಿಂದ ಮಳೆಗಾಲದಲ್ಲಿ ಡೆಂಗಿ ರೋಗಿ ‘ತಲೆನೋವು ತಡೆಯೋಕಾಗ್ತಿಲ್ಲ, ಎರಡೆರಡು ಕಾಣ್ತಿದೆ’ ಎಂದರೆ ಜ್ವರದ ತಲೆನೋವು ಎಂದು ಸುಮ್ಮನಾಗಬಾರದು. ಆದರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಯಾವ ಪ್ರಚೋದಕವೂ ಸಿಗುವುದಿಲ್ಲ. ಅವರಲ್ಲಿ ಬಹುತೇಕರಿಗೆ ತಲೆಯಲ್ಲಿ ಗಡ್ಡೆ ಇರುವುದು ಗೊತ್ತಾಗುವುದೇ ಅದು ಒಡೆದ ದಿನ.

ಗಡ್ಡೆ ಇಲ್ಲದ ಪಿಟ್ಯುಟರಿಯೂ ಎಷ್ಟು ನಾಜೂಕು ಎನ್ನುವುದಕ್ಕೆ ನಮ್ಮ ಹೊಲಗದ್ದೆಗಳಲ್ಲೇ ಸಾಕ್ಷಿ ಇದೆ. ಕೊಳಕುಮಂಡಲ ಕಚ್ಚಿ ಬದುಕುಳಿದ ಕೆಲವರಲ್ಲಿ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿದಾಗ ಪಿಟ್ಯುಟರಿಗೂ ಏಟು ಬೀಳುತ್ತದೆ. ತಿಂಗಳುಗಳ ನಂತರ ಸುಸ್ತು, ಮೀಸೆ ಗಡ್ಡ ಉದುರುವುದು, ಮುಟ್ಟು ನಿಲ್ಲುವುದು ಶುರುವಾದರೆ ಹಾವಿನ ಕಡಿತವನ್ನು ಯಾರೂ ನೆನೆಯುವುದಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಂದಿರಲ್ಲಿ ಹಾಲೇ ಇಳಿಯದೆ, ಮುಟ್ಟೂ ಮರಳದೆ ಉಳಿಯುವ ಸ್ಥಿತಿಯನ್ನು 1937ರಲ್ಲಿ ಹೆರಾಲ್ಡ್ ಶೀಹನ್ ವಿವರಿಸಿದರು. ಎರಡರಲ್ಲೂ ಪೆಟ್ಟು ತಿಂದದ್ದು ಇದೇ ಗ್ರಂಥಿ.

ಈಗ ಲಕ್ಷಣಗಳಿಗೆ ಬರೋಣ. ತಲೆನೋವು ಬಹುತೇಕ ಎಲ್ಲರಲ್ಲೂ ಇರುತ್ತದೆ. ಹಣೆಯ ಭಾಗದಲ್ಲಿ, ಕಣ್ಣಿನ ಹಿಂದೆ, ಹುಟ್ಟಿದಂದಿನಿಂದ ಇಂಥದ್ದು ಕಂಡಿಲ್ಲ ಎನ್ನುವಂಥದ್ದು. ಆಮೇಲೆ ವಾಂತಿ. ಗ್ರಂಥಿಯ ನೆತ್ತಿಯ ಮೇಲೆಯೇ ಎರಡೂ ಕಣ್ಣಿನ ನರಗಳು ಕೂಡಿ ದಾಟುವ ಜಾಗವಿದೆ. ಕೆಳಗಿನಿಂದ ಗಡ್ಡೆ ಊದಿ ಒತ್ತಿದರೆ ಎರಡೂ ಕಣ್ಣಿನ ಹೊರಪಕ್ಕದ ನೋಟ ಹೋಗುತ್ತದೆ. ರೋಗಿ ‘ಕಣ್ಣು ಮಂಜು’ ಎನ್ನುತ್ತಾನೆ ಅಷ್ಟೆ. ಎರಡೂ ಪಕ್ಕ ಏನೂ ಕಾಣುತ್ತಿಲ್ಲ ಎಂದು ತಾನಾಗಿ ಹೇಳುವವರು ಕಡಿಮೆ, ನಾವೇ ಕೈಬೆರಳು ಆಡಿಸಿ ಪರೀಕ್ಷಿಸಬೇಕು. ಇನ್ನು ಗ್ರಂಥಿಯ ಎರಡೂ ಮಗ್ಗುಲಲ್ಲಿ ಕಣ್ಣುಗುಡ್ಡೆ ತಿರುಗಿಸುವ ನರಗಳು ಹಾದುಹೋಗುತ್ತವೆ. ಅವುಗಳಲ್ಲಿ ಮೂರನೆಯ ನರಕ್ಕೆ ಏಟು ಬಿದ್ದರೆ ರೆಪ್ಪೆ ಜೋಲುತ್ತದೆ, ಪಾಪೆ ಹಿಗ್ಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಊರಿನಲ್ಲಿ ಇದನ್ನು ಲಕ್ವ ಎಂದುಕೊಂಡು ಕೈಕಾಲು ಅಲುಗಾಡಿಸಿ ನೋಡಿ, ಸರಿಯಿದೆಯಲ್ಲ ಎಂದು ಸಮಾಧಾನ ಪಡುವುದನ್ನು ಕಂಡಿದ್ದೇನೆ. ವೈದ್ಯರಿಗೂ ಮೋಸವಾಗುವ ಜಾಗಗಳಿವೆ. ರಕ್ತ ಒಸರಿ ಬೆನ್ನುಹುರಿಯ ನೀರಿಗೆ ಸೇರಿದರೆ ಕುತ್ತಿಗೆ ಬಿಗಿಯಾಗುತ್ತದೆ, ಸ್ವಲ್ಪ ಜ್ವರವೂ ಬರುತ್ತದೆ, ಎಲ್ಲವೂ ಮೆದುಳುಜ್ವರದಂತೆ ಕಾಣುತ್ತದೆ. ರಕ್ತನಾಳದ ಗುಳ್ಳೆ ಒಡೆದಾಗ ಆಗುವ ರಕ್ತಸ್ರಾವವೂ ಹೀಗೇ ಶುರುವಾಗುತ್ತದೆ. ತುರ್ತಿನಲ್ಲಿ ಮಾಡುವ ಸಿಟಿ ಸ್ಕ್ಯಾನ್ ಈ ರೋಗವನ್ನು ಹೆಚ್ಚಿನವರಲ್ಲಿ ಖಚಿತವಾಗಿ ತೋರಿಸುವುದಿಲ್ಲ, ಎಂಆರ್‌ಐ ತೋರಿಸುತ್ತದೆ. ‘ಸಿಟಿ ನಾರ್ಮಲ್ ಇದೆ, ಮನೆಗೆ ಹೋಗಿ’ ಎನ್ನಿಸಿಕೊಂಡು ಹೋದವರು ಮರುದಿನ ದೃಷ್ಟಿ ಕಳೆದುಕೊಂಡು ಬಂದದ್ದುಂಟು.

ಕಣ್ಣಿನ ಕಥೆ ಎಲ್ಲರಿಗೂ ಕಾಣುತ್ತದೆ. ಜೀವ ತೆಗೆಯುವ ಕಥೆ ಕಾಣುವುದಿಲ್ಲ. ಈ ಬರಹದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಪಿಟ್ಯುಟರಿ ದಿಢೀರನೆ ಕೆಲಸ ನಿಲ್ಲಿಸಿದಾಗ ಅಡ್ರಿನಲ್ ಗ್ರಂಥಿಗೆ ಹೋಗಬೇಕಾದ ಸಂದೇಶವೂ ನಿಲ್ಲುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಾಗುವುದಿಲ್ಲ. ಅಪೊಪ್ಲೆಕ್ಸಿ ಆದವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಈ ಕೊರತೆ ಬರುತ್ತದೆ. ಕಾಯಿಲೆಯ ಹೊತ್ತಿನಲ್ಲಿ ದೇಹಕ್ಕೆ ಎಂದಿಗಿಂತ ಹೆಚ್ಚು ಕಾರ್ಟಿಸಾಲ್ ಬೇಕಿರುವಾಗಲೇ ಅದು ಬರಿದಾಗುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಸೋಡಿಯಂ ಇಳಿಯುತ್ತದೆ, ಸಕ್ಕರೆ ಇಳಿಯುತ್ತದೆ, ಮಂಪರು ಕವಿಯುತ್ತದೆ. ಸಲೈನ್ ಎಷ್ಟು ಹಾಕಿದರೂ ಒತ್ತಡ ಏರುವುದಿಲ್ಲ. ಪರಿಹಾರ ಮಾತ್ರ ಸರಳ: ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು, 100ರಿಂದ 200 ಮಿಲಿಗ್ರಾಂ, ರಕ್ತನಾಳಕ್ಕೆ, ತಕ್ಷಣ. ಉಬ್ಬಸಕ್ಕೂ ಅಲರ್ಜಿಗೂ ಬಳಸುವ ಅದೇ ಔಷಧಿ. ಯಾವ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲೂ ಇರುವಂಥದ್ದು, ಬೆಲೆಯೂ ತೀರಾ ಕಡಿಮೆ. ಮೊದಲು ಸ್ವಲ್ಪ ರಕ್ತ ತೆಗೆದಿಟ್ಟುಕೊಂಡು, ಅದರ ಫಲಿತಾಂಶಕ್ಕೆ ಕಾಯದೆ ಇದನ್ನು ಕೊಟ್ಟುಬಿಡಬೇಕು. ಎಂಆರ್‌ಐ ಇರುವ ದೊಡ್ಡಾಸ್ಪತ್ರೆಗೆ ಆಂಬುಲೆನ್ಸ್ ಹೊರಡುವ ಮೊದಲೇ ಕೊಡಬಹುದು. ನಾನು ಶಸ್ತ್ರವೈದ್ಯ, ಆದರೂ ಒತ್ತಿ ಹೇಳುತ್ತೇನೆ, ಈ ರೋಗದಲ್ಲಿ ಮೊದಲು ಜೀವ ಉಳಿಸುವುದು ನನ್ನ ಚಾಕುವಲ್ಲ. ಶಿವಮೊಗ್ಗ, ಕಲಬುರಗಿ, ಬಳ್ಳಾರಿ ಕಡೆಯಿಂದ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಿ ಬರುವ ರೋಗಿಯ ಕೈಗೆ ಹೊರಡುವ ಮುನ್ನವೇ ಈ ಚುಚ್ಚುಮದ್ದು ಬಿದ್ದಿದ್ದರೆ ಅವರ ಸ್ಥಿತಿಯೇ ಬೇರೆ ಇರುತ್ತದೆ.

ವೈದ್ಯ ಇತಿಹಾಸವೂ ಇದನ್ನೇ ಹೇಳುತ್ತದೆ. ಪಿಟ್ಯುಟರಿ ಗಡ್ಡೆಯೊಳಗಿನ ರಕ್ತಸ್ರಾವವನ್ನು 1898ರಲ್ಲಿ ಪಿಯರ್ಸ್ ಬೇಯ್ಲಿ ಎಂಬ ಅಮೆರಿಕದ ವೈದ್ಯ ಮೊದಲು ವರದಿ ಮಾಡಿದರು. ಅಪೊಪ್ಲೆಕ್ಸಿ ಎಂಬ ಹೆಸರು ಬಂದದ್ದು 1950ರಲ್ಲಿ, ಬ್ರೂಮ್, ಹ್ಯೂಸ್ನರ್ ಮತ್ತು ಆಡಮ್ಸ್ ಬರೆದ ಪ್ರಬಂಧದಿಂದ. ಅವರು ವಿವರಿಸಿದ ರೋಗಿಗಳೆಲ್ಲ ಶವಪರೀಕ್ಷೆಯ ಮೇಜಿನ ಮೇಲೆ ಸಿಕ್ಕವರು. ಅದೇ 1950ರಲ್ಲಿ ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳ ಶೋಧಕ್ಕಾಗಿ ಕೆಂಡಾಲ್, ಹೆಂಚ್ ಮತ್ತು ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ರೋಗಕ್ಕೆ ಹೆಸರು ಸಿಕ್ಕ ವರ್ಷವೇ ಅದರ ಮದ್ದಿಗೆ ಮನ್ನಣೆ ಸಿಕ್ಕಿತು. ಅದಕ್ಕೂ ಮೊದಲು ಎಷ್ಟೇ ಕೈಚಳಕವಿದ್ದ ಶಸ್ತ್ರವೈದ್ಯರೂ ಗಡ್ಡೆ ತೆಗೆದ ಮೇಲೆ ರೋಗಿ ಕಾರಣವಿಲ್ಲದೆ ಕುಸಿದು ಹೋಗುವುದನ್ನು ಕೈಕಟ್ಟಿ ನೋಡಬೇಕಾಗುತ್ತಿತ್ತು.

ಇನ್ನು ಚಾಕುವಿನ ಸರದಿ. ‘ಬುರುಡೆ ತೆರೀಬೇಕಾ ಡಾಕ್ಟ್ರೇ?’ ಎಂಬ ಪ್ರಶ್ನೆಗೆ ಹೆಚ್ಚಿನ ಸಲ ನನ್ನ ಉತ್ತರ ಬೇಡ ಎಂದೇ. ದಾರಿ ಮೂಗಿನಲ್ಲಿದೆ. 1907ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲಾಫರ್ ಮೂಗನ್ನೇ ಒಂದು ಪಕ್ಕಕ್ಕೆ ಬಿಡಿಸಿ ಒಳಹೊಕ್ಕು ಪಿಟ್ಯುಟರಿ ಗಡ್ಡೆ ತೆಗೆದರು. 1910ರಲ್ಲಿ ವಿಯೆನ್ನಾದ ಆಸ್ಕರ್ ಹಿರ್ಶ್ ಮೂಗಿನ ಹೊಳ್ಳೆಯೊಳಗಿಂದಲೇ ಹೋಗಿ ತೋರಿಸಿದರು. ಅಮೆರಿಕದ ಹಾರ್ವೆ ಕುಶಿಂಗ್ ತುಟಿಯ ಒಳಗಿನಿಂದ ದಾರಿ ಮಾಡಿಕೊಂಡು 1910ರಿಂದ 1925ರ ನಡುವೆ ಇನ್ನೂರಕ್ಕೂ ಹೆಚ್ಚು ಜನರಿಗೆ ಈ ಆಪರೇಷನ್ ಮಾಡಿದರು. ಆಮೇಲೆ ಅವರೇ ಬುರುಡೆಯ ದಾರಿಗೆ ಮರಳಿದರು. ಅವರ ಮಾತೇ ಆಗಿನ ಶಾಸನ, ಹಾಗಾಗಿ ಮೂಗಿನ ದಾರಿ ಮುಚ್ಚಿಯೇ ಹೋಯಿತು. ಎಡಿನ್‌ಬರೋದ ನಾರ್ಮನ್ ಡಾಟ್ ಮಾತ್ರ ಕುಶಿಂಗ್ ಬಳಿ ಕಲಿತದ್ದನ್ನು ಬಿಡಲಿಲ್ಲ. ಅವರಿಂದ ಪ್ಯಾರಿಸ್ಸಿನ ಜೆರಾರ್ ಗಿಯೊ, ಗಿಯೊ ಅವರಿಂದ ಮಾಂಟ್ರಿಯಲ್ಲಿನ ಜೂಲ್ ಹಾರ್ಡಿ ಕಲಿತರು. ಹಾರ್ಡಿ 1960ರ ದಶಕದಲ್ಲಿ ಸೂಕ್ಷ್ಮದರ್ಶಕ ತಂದರು. 1990ರ ದಶಕದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಝೋ ಮತ್ತು ಕರಾವು ಎಂಡೋಸ್ಕೋಪ್ ತಂದರು. ಒಬ್ಬ ಗುರುವೇ ಕೈಬಿಟ್ಟ ವಿದ್ಯೆಯನ್ನು ಒಬ್ಬನೇ ಶಿಷ್ಯ ಕಾಪಾಡಿಕೊಂಡು ಬಂದದ್ದರಿಂದ ಇವತ್ತು ನಮ್ಮ ರೋಗಿಗಳ ತಲೆಯ ಮೇಲೆ ಗಾಯದ ಗುರುತಿಲ್ಲ. ಈ ವಂಶಾವಳಿಯನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಈಗಿನ ವಿಧಾನ ಹೀಗಿದೆ. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ನಾಲ್ಕು ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ಮೂಗಿನ ಹೊಳ್ಳೆಯಲ್ಲಿ ಹೋಗುತ್ತದೆ. ಅನೇಕ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲು ತಜ್ಞರೂ ಜೊತೆಗಿರುತ್ತಾರೆ. ಮೂಗಿನ ಹಿಂದಿನ ಸ್ಫಿನಾಯ್ಡ್ ಎಂಬ ಗಾಳಿಕೋಣೆ ದಾಟಿ, ತೆಳು ಮೂಳೆ ಕೊರೆದು, ಪೊರೆ ಸೀಳಿದಾಗ ಒತ್ತಡದಲ್ಲಿದ್ದ ಕಪ್ಪು ರಕ್ತವೂ ಕೊಳೆತ ಗಡ್ಡೆಯೂ ತಾವಾಗಿಯೇ ಹೊರನುಗ್ಗುತ್ತವೆ. ಉಳಿದುದನ್ನು ಬಾಗಿದ ಪುಟ್ಟ ಉಪಕರಣಗಳಿಂದ ಕೆರೆದು ತೆಗೆಯುತ್ತೇವೆ. ಮೇಲಕ್ಕೆ ದೂಡಲ್ಪಟ್ಟಿದ್ದ ಪೊರೆ ನಿಧಾನಕ್ಕೆ ಕೆಳಗಿಳಿದು ಮಿಡಿಯತೊಡಗಿದರೆ ಕಣ್ಣಿನ ನರದ ಮೇಲಿನ ಭಾರ ಇಳಿಯಿತೆಂದು ಗೊತ್ತಾಗುತ್ತದೆ. ಎರಡೂ ಮಗ್ಗುಲಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗಳು, ಬೆರಳೆಣಿಕೆಯ ಮಿಲಿಮೀಟರ್ ದೂರದಲ್ಲಿ. ಅವಕ್ಕೆ ಗಾಯವಾಗುವುದು ತೀರಾ ವಿರಳ, ಆದರೆ ಆಯಿತೆಂದರೆ ಅನಾಹುತ. ಆದ್ದರಿಂದ ಈ ಆಪರೇಷನ್ನನ್ನು ಪದೇ ಪದೇ ಮಾಡುವ ತಂಡದ ಬಳಿಗೇ ಹೋಗುವುದು ಲೇಸು, ಸ್ವಲ್ಪ ದೂರವಾದರೂ. ಕೊನೆಗೆ ಹೊಟ್ಟೆಯಿಂದಲೋ ತೊಡೆಯಿಂದಲೋ ತೆಗೆದ ಕೊಬ್ಬಿನ ಚೂರು, ಮೂಗಿನ ನಡುಗೋಡೆಯ ಪೊರೆ ಬಳಸಿ ತೂತನ್ನು ಮುಚ್ಚುತ್ತೇವೆ, ಮೆದುಳಿನ ನೀರು ಮೂಗಿನಿಂದ ಸೋರದಿರಲಿ ಎಂದು. ಆಪರೇಷನ್ ಆದ ಮೇಲೆ ಕೆಲವು ವಾರ ಜೋರಾಗಿ ಮೂಗು ಸೀಟಬೇಡಿ, ಮಲಬದ್ಧತೆಯಿಂದ ಮುಕ್ಕಬೇಡಿ ಎಂದು ನರ್ಸುಗಳು ಬೆನ್ನುಹತ್ತಿ ಹೇಳುವುದೂ ಇದಕ್ಕೇ. ಮೂಗಿನಿಂದ ಉಪ್ಪುಪ್ಪಾದ ತಿಳಿನೀರು ಹನಿದರೆ ಕೂಡಲೇ ತಿಳಿಸಬೇಕು.

ಎಲ್ಲರಿಗೂ ಆಪರೇಷನ್ ಬೇಕೇ? ಬೇಡ. ಇಲ್ಲಿ ತಜ್ಞರ ನಡುವೆಯೂ ಭಿನ್ನಾಭಿಪ್ರಾಯವಿದೆ. ದೃಷ್ಟಿ ಸರಿಯಿದ್ದು, ಎಚ್ಚರ ಸರಿಯಿದ್ದು, ಬರೀ ತಲೆನೋವು ಅಥವಾ ರೆಪ್ಪೆ ಜೋತದ್ದು ಮಾತ್ರ ಇದ್ದರೆ ಸ್ಟೀರಾಯ್ಡ್ ಕೊಟ್ಟು, ದಿನವೂ ಕಣ್ಣು ಪರೀಕ್ಷಿಸುತ್ತ ಕಾಯಬಹುದು. ಗಡ್ಡೆ ತಾನೇ ಕುಗ್ಗಿ ಹೋದ ಉದಾಹರಣೆಗಳು ಸಾಕಷ್ಟಿವೆ. ರೆಪ್ಪೆಯೂ ಕಣ್ಣುಗುಡ್ಡೆಯ ಚಲನೆಯೂ ಬಹುತೇಕ ತಾನಾಗಿಯೇ ಮರಳುತ್ತವೆ. ನೋಟ ಕುಂದುತ್ತಿದ್ದರೆ ಅಥವಾ ಮಂಪರು ಏರುತ್ತಿದ್ದರೆ ಕಾಯುವಂತಿಲ್ಲ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಮಾರ್ಗಸೂಚಿ ಅಂಥವರಿಗೆ ಏಳು ದಿನದೊಳಗೆ ಆಪರೇಷನ್ ಆಗುವುದು ಒಳ್ಳೆಯದು ಎನ್ನುತ್ತದೆ. ನನ್ನ ಒಲವು ಇನ್ನೂ ಬೇಗ ಮಾಡುವುದರ ಕಡೆಗೆ, ಒಂದೆರಡು ದಿನದೊಳಗೆ, ಸ್ಟೀರಾಯ್ಡ್ ಕೊಟ್ಟು ರಕ್ತದೊತ್ತಡವೂ ಸೋಡಿಯಮ್ಮೂ ಹತೋಟಿಗೆ ಬಂದ ಕೂಡಲೇ. ಎರಡೂ ಕಣ್ಣು ಪೂರ್ತಿ ಕತ್ತಲಾಗಿ ಬಂದವರಲ್ಲಿ ನೋಟ ಮರಳುವ ಆಸೆ ಕಡಿಮೆ, ಆದರೂ ನಾನು ಅವರ ಕೈಬಿಡುವುದಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಬಂದಿದ್ದ ಐವತ್ತು ದಾಟಿದ ಒಬ್ಬರಿಗೆ ಮುಖದ ಮುಂದೆ ಕೈ ಆಡಿಸಿದರೂ ತಿಳಿಯುತ್ತಿರಲಿಲ್ಲ. ಆಪರೇಷನ್ನಿನ ಮರುದಿನ ಐಸಿಯುವಿನಲ್ಲಿ ‘ಗೋಡೆ ಮೇಲೇನೋ ದುಂಡಗಿದೆ’ ಎಂದರು. ಗಡಿಯಾರ. ವಾರ ಕಳೆಯುವುದರೊಳಗೆ ಅದರ ಮುಳ್ಳೂ ಕಂಡಿತು. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಆಪರೇಷನ್ ಮುಗಿದ ಮೇಲೆ ಮೂತ್ರದ ಲೆಕ್ಕ ಗಂಟೆಗಂಟೆಗೂ ಬರೆದಿಡುತ್ತಾರೆ. ನೀರು ಹಿಡಿದಿಡುವ ಹಾರ್ಮೋನ್ ಕಡಿಮೆಯಾದರೆ ಲೀಟರುಗಟ್ಟಲೆ ಮೂತ್ರ ಹೋಗುತ್ತದೆ, ಬಾಯಾರಿಕೆ ತಡೆಯಲಾಗುವುದಿಲ್ಲ. ಇದು ಸಕ್ಕರೆ ಕಾಯಿಲೆಯಲ್ಲ, ಅದಕ್ಕೆ ಡೆಸ್ಮೊಪ್ರೆಸಿನ್ ಎಂಬ ಔಷಧಿ ಇದೆ, ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಮನೆಗೆ ಹೋದ ಮೇಲೆ, ಒಂದು ವಾರದ ಹೊತ್ತಿಗೆ, ಕೆಲವರಿಗೆ ಇದರ ತದ್ವಿರುದ್ಧವಾಗಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಆಸ್ಪತ್ರೆ ಬಿಟ್ಟ ಕೆಲವೇ ದಿನಕ್ಕೆ ಸೋಡಿಯಂ ಪರೀಕ್ಷೆಗೆ ಬನ್ನಿ ಎಂದಾಗ ಬಸ್ಸಿನ ಖರ್ಚಿಗೆ ಹಿಂಜರಿದು ಉಳಿದುಬಿಡಬೇಡಿ. ಹತ್ತಿರದ ಲ್ಯಾಬಿನಲ್ಲೇ ಮಾಡಿಸಿ ಫೋನಿನಲ್ಲಿ ವರದಿ ಕಳಿಸಿದರೂ ಸಾಕು.

ಆಮೇಲಿನ ಬದುಕಿನ ಬಗ್ಗೆ ನನಗೆ ನಿಜವಾದ ಆತಂಕವಿದೆ, ಅದು ಸ್ಟೀರಾಯ್ಡ್ ಎಂಬ ಹೆಸರಿನ ಭಯದ ಬಗ್ಗೆ. ಮಂಡಿನೋವಿಗೂ ಉಬ್ಬಸಕ್ಕೂ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿ ಕೊಡುವವರು ನಮ್ಮ ನಡುವೆ ಇದ್ದಾರೆ, ಅದರಿಂದ ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾದವರನ್ನು ಜನ ನೋಡಿದ್ದಾರೆ. ಆ ಭಯ ನ್ಯಾಯವಾದದ್ದೇ. ಆದರೆ ಪಿಟ್ಯುಟರಿ ಕೆಟ್ಟವರಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಮಾತ್ರೆ ಹೆಚ್ಚುವರಿ ಸ್ಟೀರಾಯ್ಡ್ ಅಲ್ಲ, ದೇಹವೇ ಮಾಡಿಕೊಳ್ಳಬೇಕಿದ್ದದ್ದನ್ನು ಅಷ್ಟೇ ಪ್ರಮಾಣದಲ್ಲಿ ತುಂಬಿಕೊಡುವುದು. ಒಬ್ಬ ಶಿಕ್ಷಕಿ ಚೆನ್ನಾಗಿ ಚೇತರಿಸಿಕೊಂಡು ಕೆಲಸಕ್ಕೆ ಮರಳಿದ್ದರು. ‘ಸ್ಟೀರಾಯ್ಡ್ ಇಷ್ಟು ದಿನ ತಗೋತಾರಾ?’ ಎಂದು ನೆಂಟರೊಬ್ಬರು ಹೆದರಿಸಿದ ಮೇಲೆ ಮಾತ್ರೆ ನಿಲ್ಲಿಸಿದರು. ಭೇದಿಯ ಸಣ್ಣ ಕಾಯಿಲೆಯೊಂದು ಅವರನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದಿತು. ಪುಣ್ಯಕ್ಕೆ ಬದುಕಿದರು. ಮನೆಯ ಹಿರಿಯರಿಗೆ, ನೆಂಟರಿಗೆ ನನ್ನದು ಕೈಮುಗಿದ ವಿನಂತಿ, ಈ ಮಾತ್ರೆಯ ವಿಷಯದಲ್ಲಿ ಸಲಹೆ ಕೊಡಬೇಡಿ.

ಇನ್ನೊಂದು ತಪ್ಪು ವೈದ್ಯರ ಕಡೆಯಿಂದಲೂ ಆಗುತ್ತದೆ. ಪಿಟ್ಯುಟರಿ ಕೆಟ್ಟಾಗ ಥೈರಾಯ್ಡ್ ಹಾರ್ಮೋನೂ ಇಳಿಯುತ್ತದೆ, ಆದರೆ ಥೈರಾಯ್ಡಿಗೆ ಪಿಟ್ಯುಟರಿ ಕಳಿಸುವ ಸಂದೇಶವಾದ ಟಿಎಸ್‌ಎಚ್ ಏರುವುದಿಲ್ಲ. ಟಿಎಸ್‌ಎಚ್ ಒಂದನ್ನೇ ನೋಡಿದರೆ ಎಲ್ಲ ಸರಿಯಿದೆ ಎನ್ನಿಸುತ್ತದೆ. ಕೊರತೆ ಕಂಡುಹಿಡಿದರೂ ಕಾರ್ಟಿಸಾಲ್ ತುಂಬಿಸುವ ಮೊದಲೇ ಥೈರಾಯ್ಡ್ ಮಾತ್ರೆ ಶುರುಮಾಡಿದರೆ ಇರುವ ಚೂರುಪಾರು ಕಾರ್ಟಿಸಾಲ್ ಕೂಡ ಬೇಗ ಖರ್ಚಾಗಿ ರೋಗಿ ಕುಸಿಯುತ್ತಾನೆ. ಮೊದಲು ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಈ ಕ್ರಮ ಬದಲಾಗಕೂಡದು.

ಒಡೆಯುವ ಮೊದಲೇ ಗಡ್ಡೆ ಗೊತ್ತಾಗುವ ದಾರಿ ಇಲ್ಲವೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಎಷ್ಟೋ ಸಲ ಇತ್ತು. ಹಿಂದಿನದನ್ನು ಕೆದಕಿ ಕೇಳಿದರೆ ಹೆಣ್ಣುಮಕ್ಕಳಲ್ಲಿ ವರ್ಷಗಳಿಂದ ಮುಟ್ಟು ನಿಂತಿರುತ್ತದೆ, ಬಸಿರಿಲ್ಲದೆ ಎದೆಹಾಲು ಬರುತ್ತಿರುತ್ತದೆ. ಗಂಡಸರಲ್ಲಿ ಲೈಂಗಿಕ ಆಸಕ್ತಿ ಇಳಿದಿರುತ್ತದೆ, ವಾರಕ್ಕೊಮ್ಮೆ ಶೇವ್ ಮಾಡಿದರೂ ಸಾಕಾಗಿರುತ್ತದೆ. ಕೆಲವರಿಗೆ ಉಂಗುರ ಬಿಗಿಯಾಗಿ, ಚಪ್ಪಲಿಯ ಅಳತೆ ದೊಡ್ಡದಾಗಿರುತ್ತದೆ. ಬೈಕ್ ಓಡಿಸುವಾಗ ಪಕ್ಕದಲ್ಲಿ ಬಂದವರು ಕಾಣದೆ ಡಿಕ್ಕಿಯಾಗಿರುತ್ತದೆ. ಇವನ್ನೆಲ್ಲ ವಯಸ್ಸಿನ ತಲೆಗೋ ಸಂಸಾರದ ಚಿಂತೆಯ ತಲೆಗೋ ಕಟ್ಟಿ ಸುಮ್ಮನಾಗಿರುತ್ತಾರೆ. ಗಂಡಸರಂತೂ ಡಾಕ್ಟರ ಮುಂದೆ ಆ ಮಾತು ಎತ್ತುವುದೇ ಇಲ್ಲ, ನಾಚಿಕೆ. ನಾವೇ ಕೇಳಬೇಕು, ಕೇಳದಿದ್ದರೆ ತಪ್ಪು ನಮ್ಮದು.

ಹೈಡ್ರೋಕಾರ್ಟಿಸೋನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಪಾಲಿಸಬೇಕಾದ ಕೆಲವು ವಿಷಯ ಬರೆದು ನಿಲ್ಲಿಸುತ್ತೇನೆ. ಜ್ವರ ಬಂದ ದಿನ ಹೈಡ್ರೋಕಾರ್ಟಿಸೋನ್ ಪ್ರಮಾಣ ಎರಡರಷ್ಟು ಮಾಡಿಕೊಳ್ಳಬೇಕು, ಜ್ವರ ಇಳಿದ ಮೇಲೆ ಮೊದಲಿನ ಪ್ರಮಾಣಕ್ಕೆ ಮರಳಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯದೆ ಹತ್ತಿರದ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಹಲ್ಲು ಕೀಳಿಸುವುದರಿಂದ ಹಿಡಿದು ಯಾವುದೇ ಆಪರೇಷನ್ನಿಗೆ ಮುನ್ನ ವೈದ್ಯರಿಗೆ ತಿಳಿಸಬೇಕು. ಏಕಾದಶಿ, ರಂಜಾನ್ ಉಪವಾಸ ಮಾಡುವವರು ಮೊದಲೇ ಕೇಳಿಕೊಂಡು ಮಾತ್ರೆಯ ವೇಳೆ ಹೊಂದಿಸಿಕೊಳ್ಳಬೇಕು. ಪರ್ಸಿನಲ್ಲಿ ಒಂದು ಚೀಟಿ ಇರಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ: ‘ನನ್ನ ಪಿಟ್ಯುಟರಿ ಕೆಲಸ ಮಾಡುವುದಿಲ್ಲ. ನಾನು ಪ್ರಜ್ಞೆ ತಪ್ಪಿ ಸಿಕ್ಕರೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಚುಚ್ಚುಮದ್ದು ಕೊಡಿ.’ ಕೆಳಗೆ ಮನೆಯವರ ಫೋನ್ ನಂಬರು. ಆಪರೇಷನ್ ಆದ ಮೂರ್ನಾಲ್ಕು ತಿಂಗಳಿಗೆ ಎಂಆರ್‌ಐ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ, ಯಾಕೆಂದರೆ ಕೆಲವರಲ್ಲಿ ಗಡ್ಡೆ ಮತ್ತೆ ಚಿಗುರುತ್ತದೆ. ಮಕ್ಕಳಾಗಬೇಕೆಂಬ ಆಸೆಯಿರುವವರು ಹೆದರಬೇಕಿಲ್ಲ. ಹಾರ್ಮೋನ್ ಚಿಕಿತ್ಸೆಯಿಂದ ತಾಯ್ತನ ಪಡೆದವರಿದ್ದಾರೆ. ಅದಕ್ಕೆ ಎಂಡೋಕ್ರೈನ್ ತಜ್ಞರನ್ನು ಮೊದಲೇ ಕಂಡು, ಔಷಧಿಗಳನ್ನು ಹೊಂದಿಸಿಕೊಂಡ ಮೇಲೆ ಮುಂದುವರಿಯಿರಿ.